ಪದ್ಮಿನಿಯ ಡೋರ್ ಪ್ಯಾಡ್‌ಗೆ ಒಂದೂ ಸ್ಕ್ರೂ ಹೊಡೆಯಲಿಲ್ಲ

ನಮ್ಮ 1984ರ ಪದ್ಮಿನಿ ಕಾರಿನ ನಾಲ್ಕೂ ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಬದಿಯ ಹೊದಿಕೆ, ಈಗ ಸ್ಕ್ರೂ ಇಲ್ಲದೆ ಬರೀ ಕ್ಲಿಪ್ ಮೇಲೆ ನಿಂತಿವೆ. ಎರಡು ಮಳೆಗಾಲ ದಾಟಿದವು, ಅದೂ ಶಿವಮೊಗ್ಗದ ಮಳೆಗಾಲ. "ಆಗಲ್ಲ ಸಾರ್" ಅಂದವರೆಲ್ಲ ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಹಾಗೆ ಅಂದವರು ಒಬ್ಬಿಬ್ಬರಲ್ಲ. ಸೀಟ್ ಕೆಲಸದವನು ಅಂದ, ಪೇಂಟರ್ ಅಂದ, ಕಾರಿನ ಗಂಧಗಾಳಿ ಇಲ್ಲದ ನಮ್ಮ ಭಾವನೂ ಅಂದ. ಎಲ್ಲರದೂ ಒಂದೇ ಮಾತು: "ನಾಲ್ಕು ಮೂಲೆಗೆ ಸ್ಕ್ರೂ ಹೊಡೆದು ಮೇಲೆ ಕ್ಯಾಪ್ ಹಾಕಿಬಿಡಿ, ಯಾರು ನೋಡ್ತಾರೆ?" ನಾನು ನೋಡ್ತೀನಲ್ಲ! ಹೊಸ ಪೇಂಟ್ ಹೊಡೆಸಿದ ಬಾಗಿಲಿಗೆ ಸ್ಕ್ರೂ ಇಳಿಸಿದರೆ, ಆ ತೂತಿನಿಂದಲೇ ತುಕ್ಕು ಶುರು.

1089 ಸಿಸಿ ಇಂಜಿನ್ ಬಿಚ್ಚಿ ಕಟ್ಟುವ ಕೈಗಳು ಇಲ್ಲಿನ ಆಟೋ ಕಾಂಪ್ಲೆಕ್ಸ್‌ನಲ್ಲಿ ಇನ್ನೂ ಇವೆ. ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್ ಸರಿಮಾಡುವವರೂ ಇದ್ದಾರೆ. ಒಳಗಿನ ಕೆಲಸ ಅಂದರೆ ಮಾತ್ರ ಎಲ್ಲರಿಗೂ ಬೇಜಾರು. ಹಾಗಾಗಿ ಮೊದಲ ಸಲ ಪೇಟೆಯ ಒಂದು ಸೀಟ್ ಕವರ್ ಅಂಗಡಿಗೇ ಕೊಟ್ಟೆ. ನಾಲ್ಕು ಬಾಗಿಲಿಗೆ 4,500 ಅಂತ ನೆನಪು, ರೆಕ್ಸಿನ್ ಸೇರಿ. ಹಳೇ ಹಾರ್ಡ್‌ಬೋರ್ಡ್ ನೀರು ಕುಡಿದು ಹಪ್ಪಳದ ಹಾಗಾಗಿತ್ತು. ಅದನ್ನು ಎಸೆದು 4 ಎಂ.ಎಂ. ಪ್ಲೈವುಡ್ ಹಾಕಿದರು. ಮೇಲೆ ತೆಳು ಫೋಮ್, ಅದರ ಮೇಲೆ ರೆಕ್ಸಿನ್. ನೋಡೋಕೆ ಬಲು ಚೆಂದ. ಆದರೆ ಒಂದು ಕ್ಲಿಪ್ ಗುದ್ದಿ ಕೂರಿಸಿದರೆ ಪಕ್ಕದ್ದು ಎದ್ದು ಬರುತ್ತಿತ್ತು. ರಬ್ಬರ್ ಸುತ್ತಿಗೆಯಲ್ಲಿ ಹೊಡೆದು ಹೊಡೆದು ಮುಂದಿನ ಬಲ ಬಾಗಿಲಿನ ಪ್ಯಾಡ್ ಸೀಳಿಯೇ ಹೋಯಿತು.

ಕ್ಲಿಪ್ಪೇ ಸರಿಯಿಲ್ಲ ಅಂದುಕೊಂಡೆ. ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡಿನಲ್ಲಿ ನೂರು ಕ್ಲಿಪ್ ತಂದೆ, 600 ರೂಪಾಯಿ ಇರಬೇಕು. ಸ್ಟೀಲೋ ತಗಡೋ ದೇವರಿಗೇ ಗೊತ್ತು. ಕ್ಲಿಪ್ಪಿನ ಕಾಲು ಬಾಗಿಲ ತೂತಿನಲ್ಲಿ ಮುಚ್ಚಿಕೊಂಡು, ಆಚೆ ಹೋಗಿ ಅರಳಿದರೇ ಪ್ಯಾಡ್ ನಿಲ್ಲೋದು. ಇವುಗಳ ಕಾಲು ಒಂದು ಸಲ ಒತ್ತಿದರೆ ಮುಚ್ಚಿಕೊಳ್ಳುತ್ತಿತ್ತು, ಮತ್ತೆ ಅರಳುತ್ತಿರಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಅಸಲಿ ಹಳೇ ಸ್ಟಾಕ್ ಅಂತ ಒಂದು ಕ್ಲಿಪ್ಪಿಗೆ 25 ರೂಪಾಯಿ ಕೇಳಿದರು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು, ಇನ್ನು ಮಾಲು ಎಲ್ಲಿಂದ ಬರುತ್ತೆ ಅಂತ ಅಂಗಡಿಯವರ ವಾದ. ಒಂದು ಬಾಗಿಲಿಗೆ ಹದಿನೈದರ ಹತ್ತಿರ ಕ್ಲಿಪ್ ಬೇಕು. ಲೆಕ್ಕ ಹಾಕಿ ಬರಿಗೈಲಿ ವಾಪಸ್ ಬಂದೆ.

ಆಮೇಲೆ ಹತ್ತಿದ್ದು ನಾನೇ ಕ್ಲಿಪ್ ಮಾಡುವ ಹುಚ್ಚು. ಟೈಲ್ಸ್ ಬಾಕ್ಸಿಗೆ ಬಿಗಿದಿರುವ ಕಬ್ಬಿಣದ ಪಟ್ಟಿ ಕತ್ತರಿಸಿ ನೋಡಿದೆ. ಬಗ್ಗುತ್ತೆ, ಬಗ್ಗಿದಲ್ಲೇ ಇರುತ್ತೆ. ಹಳೇ ಕೊಡೆಯ ಕಡ್ಡಿ ನೋಡಿದೆ, ಪಟ್ ಅಂತ ಮುರಿಯಿತು. ಸ್ಪ್ರಿಂಗ್ ಮಾಡುವ ಅಂಗಡಿಯಿಂದ 1.2 ಎಂ.ಎಂ. ಸ್ಪ್ರಿಂಗ್ ತಂತಿ ತಂದು, ಸುಲಭವಾಗಿ ಬಗ್ಗಲಿ ಅಂತ ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿದೆ. ಅದು ನನ್ನ ದಡ್ಡತನ. ಕೆಂಪಗೆ ಕಾದ ತಂತಿಯಲ್ಲಿ ಸ್ಪ್ರಿಂಗ್ ಎಲ್ಲಿ ಉಳಿಯುತ್ತೆ? ನಲವತ್ತು ಕ್ಲಿಪ್ ಗುಜರಿಗೆ ಹೋದವು. ಎರಡನೇ ಸಲ ಮರದ ತುಂಡಿಗೆ ಐದು ಮೊಳೆ ಹೊಡೆದು, ಅದರ ಸುತ್ತ ತಂತಿಯನ್ನು ತಣ್ಣಗೇ ಬಗ್ಗಿಸಿದೆ. ಬಗ್ಗಿಸಿದ ಮೇಲೆ ಮನೆಯ ಓವನ್‌ನಲ್ಲಿ 230 ಡಿಗ್ರಿಗೆ ಅರ್ಧ ಗಂಟೆ ಇಟ್ಟೆ. ತಂತಿ ತಿಳಿ ಕಂದು ಬಣ್ಣಕ್ಕೆ ಬಂದಿತು, ಸ್ಪ್ರಿಂಗ್ ಜೀವಂತ. ಓವನ್‌ನಲ್ಲಿ ಎಣ್ಣೆಯ ವಾಸನೆ ತಿಂಗಳುಗಟ್ಟಲೆ ಹೋಗಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಕೇಕ್ ಆಗಲಿಲ್ಲ, ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಮೊಳೆಗಳ ಅಂತರ ಎಷ್ಟು ಅಂತ ಕೇಳಬೇಡಿ. ಅದು ನನ್ನ ಹತ್ತಿರವೇ ಇರಲಿ. ನಿಮ್ಮ ಬಾಗಿಲಿಗೆ ನೀವೇ ಅಳತೆ ಹುಡುಕಿ.

ಇಷ್ಟೆಲ್ಲ ಮಾಡಿ ಒಳ್ಳೇ ಕ್ಲಿಪ್ ಕೈಗೆ ಬಂದರೂ ಪ್ಯಾಡ್ ಕೂರಲಿಲ್ಲ! ಒಂದು ಭಾನುವಾರ ಇಡೀ ದಿನ ಬಾಗಿಲ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಕುಂಕುಮಕ್ಕೆ ಕೊಬ್ಬರಿ ಎಣ್ಣೆ ಕಲಸಿ ಪ್ರತಿ ಕ್ಲಿಪ್ಪಿನ ತುದಿಗೆ ಹಚ್ಚಿ, ಪ್ಯಾಡನ್ನು ಬಾಗಿಲಿಗೆ ಸುಮ್ನೆ ತಾಗಿಸಿ ತೆಗೆದೆ. ಕೆಂಪು ಚುಕ್ಕೆಗಳು ಎಲ್ಲ ಕಥೆ ಹೇಳಿದವು. ಅರ್ಧಕ್ಕರ್ಧ ತೂತಿನ ಪಕ್ಕಕ್ಕೆ ಬಿದ್ದಿದ್ದವು, 2 ಎಂ.ಎಂ., 3 ಎಂ.ಎಂ. ಆಚೀಚೆ. ಬಾಗಿಲ ಕೆಳಭಾಗಕ್ಕೆ ಹೊಸ ಶೀಟ್ ವೆಲ್ಡ್ ಮಾಡಿದ್ದ ಟಿಂಕರ್ ತೂತುಗಳನ್ನು ಕಣ್ಣಂದಾಜಿನಲ್ಲಿ ಹೊಡೆದಿದ್ದ. ಸೀಟ್ ಅಂಗಡಿಯವರು ಮುರಿದ ಹಳೇ ಬೋರ್ಡ್ ನೋಡಿ ಗುರುತು ಹಾಕಿದ್ದರು. ಎರಡೂ ಅಂದಾಜು, ಎಲ್ಲಿ ಕೂಡಬೇಕು?

ಸರಿಯಾದ ತೂತುಗಳಲ್ಲೂ ತೊಂದರೆ ಇತ್ತು. ಮೊದಲು 8 ಎಂ.ಎಂ. ಡ್ರಿಲ್ ಬಿಟ್ ಸರಾಗವಾಗಿ ಹೋಗುತ್ತಿದ್ದ ತೂತಿಗೆ ಈಗ ಅದು ಹೋಗುತ್ತಿರಲಿಲ್ಲ. ಪ್ರೈಮರ್, ಪೇಂಟ್ ಎಲ್ಲ ಅಂಚಿನಲ್ಲಿ ಕಟ್ಟಿಕೊಂಡಿತ್ತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ದಪ್ಪ. ಹಳೇ ಬೋರ್ಡ್ 3 ಎಂ.ಎಂ. ಇತ್ತು. ಹೊಸದರಲ್ಲಿ ಪ್ಲೈ 4, ಹಿಂದಕ್ಕೆ ಮಡಚಿ ಅಂಟಿಸಿದ ರೆಕ್ಸಿನ್ ಒಂದು, ಅದರಡಿ ಸಿಕ್ಕಿದ ಫೋಮ್ ಬೇರೆ. ಕ್ಲಿಪ್ಪಿನ ಕಾಲು ತಗಡಿನ ಆಚೆ ಹೋಗಿ ಅರಳಲು ಜಾಗವೇ ಇರಲಿಲ್ಲ. ಸುತ್ತಿಗೆ ಏಟಿಗೆ ಒಳಗೆ ಹೋದ ಹಾಗೆ ಕಾಣುತ್ತಿತ್ತು ಅಷ್ಟೆ, ಫೋಮ್ ಅದನ್ನು ಹೊರಗೆ ತಳ್ಳುತ್ತಿತ್ತು.

ಅಲ್ಲಿಂದ ಮುಂದೆ ಕೆಲಸ ಸಲೀಸು. ಪ್ಲೈ ಎಸೆದೆ, ಅಂಗಡಿಯವರ ದುಡ್ಡೂ ಅದರ ಜೊತೆ ಹೋಯಿತು. ಮತ್ತೆ 3 ಎಂ.ಎಂ. ಹಾರ್ಡ್‌ಬೋರ್ಡ್ ತಂದೆ. ತೂತುಗಳನ್ನು ಸಣ್ಣ ದುಂಡು ಅರದಿಂದ ಬಿಡಿಸಿ, ಬರಿ ಕಬ್ಬಿಣ ಕಂಡಲ್ಲಿ ಜಿಂಕ್ ಪ್ರೈಮರ್ ತೆಳ್ಳಗೆ ಮುಟ್ಟಿಸಿದೆ. ಪ್ರತಿ ತೂತಿಗೆ ರಬ್ಬರ್ ಬಿರಡೆ ತುರುಕಿ, ಅದರಲ್ಲಿ ತಲೆ ಕತ್ತರಿಸಿದ ಮೊಳೆಯ ಚೂಪು ತುದಿ ಹೊರಗಿರುವ ಹಾಗೆ ನೆಟ್ಟೆ. ಬೋರ್ಡ್ ಇಟ್ಟು ಅಂಗೈಯಲ್ಲಿ ಒತ್ತಿದರೆ ಹದಿನೈದೂ ಗುರುತು ಒಂದೇ ಸಲಕ್ಕೆ ಬಿತ್ತು. ಟಿಂಕರ್ ಎಲ್ಲಿ ಹೊಡೆದಿದ್ದಾನೋ ಅಲ್ಲಿಗೇ ನಮ್ಮ ಕ್ಲಿಪ್ ಹೋಗಲಿ, ಜಗಳ ಯಾಕೆ?

ಅಂಚಿನಲ್ಲಿ ಒಂದು ಇಂಚು ಒಳಗಿನವರೆಗೂ ಫೋಮ್ ಕತ್ತರಿಸಿದೆ. ಕ್ಲಿಪ್ ಕೂರುವ ಜಾಗದಲ್ಲಿ ಮಡಚಿದ ರೆಕ್ಸಿನ್‌ಗೆ ಕಿಟಕಿ ಬಿಟ್ಟೆ, ಕ್ಲಿಪ್ ನೇರ ಬೋರ್ಡಿಗೇ ತಾಗಬೇಕು. ರೆಕ್ಸಿನ್ ಅಂಟಿಸುವ ಮೊದಲು ಬೋರ್ಡಿನ ಹಿಂಬದಿಗೆ ಮತ್ತು ಅಂಚಿಗೆ ಎರಡು ಕೋಟ್ ವಾರ್ನಿಶ್. ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿದೇ ಇಳಿಯುತ್ತೆ, ತಡೆಯೋಕಾಗಲ್ಲ. ಕೆಳಗಿನ ಡ್ರೈನ್ ತೂತು ತೆರೆದಿಟ್ಟು, ತಗಡಿಗೂ ಪ್ಯಾಡಿಗೂ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಬೋರ್ಡ್ ಬದುಕುತ್ತೆ. ಹಾಳೆಯ ಕೆಳಅಂಚು ಬಾಗಿಲಿನ ಒಳಕ್ಕೆ ಹೋಗಬೇಕು, ಇಲ್ಲದಿದ್ದರೆ ನೀರು ಕಾರ್ಪೆಟ್‌ಗೆ.

ಕೂರಿಸುವ ದಿನ ಪ್ಯಾಡನ್ನು ಒಂದು ಗಂಟೆ ಬಿಸಿಲಲ್ಲಿಟ್ಟೆ. ಮೇಲಿನ ಸಾಲಿನ ನಡುವಿನ ಎರಡು ಕ್ಲಿಪ್ ಮೊದಲು, ಅಲ್ಲಿಂದ ಎರಡೂ ಕಡೆಗೆ, ಕೆಳಮೂಲೆಗಳು ಕೊನೆಗೆ. ಒಂದೊಂದಕ್ಕೂ ಅಂಗೈ ಬುಡದಿಂದ ಒಂದು ಗುದ್ದು. ಟಕ್ ಅಂತ ಸದ್ದು ಬಂದರೆ ಕೂತಿತು, ದಬ್ ಅಂದರೆ ಕೂತಿಲ್ಲ, ತೆಗೆದು ನೋಡಿ. ಸುತ್ತಿಗೆ ಮುಟ್ಟಲೇ ಇಲ್ಲ. ಕ್ಲಿಪ್ಪಿನ ಕಾಲಿಗೆ ನಾನು ಒಂದು ಹಚ್ಚುತ್ತೇನೆ, ಸೋಪ್ ನೀರಲ್ಲ, ಗ್ರೀಸೂ ಅಲ್ಲ. ಅದನ್ನೂ ಈಗ ಹೇಳಲ್ಲ.

ಗಾಜು ಏರಿಸಿ ಇಳಿಸುವ ಹ್ಯಾಂಡಲ್ ಮಾತ್ರ ಎಲ್ಲ ಮುಗಿದ ಮೇಲೆ. ಅದರ ಹಿಂದಿನ ಸ್ಪ್ರಿಂಗ್ ಒತ್ತಿ ಹಿಡಿದು ಪಿನ್ ಹಾಕಲು ಮೂರು ಕೈ ಬೇಕು. ಒಂದು ಪಿನ್ ಹಾರಿ ಎಲ್ಲೋ ಹೋಯಿತು, ಹಳೇ ಸ್ಪೀಕರ್‌ನ ಆಯಸ್ಕಾಂತ ನೆಲದ ಮೇಲೆ ಎಳೆದಾಡಿ ಹುಡುಕಿದೆ.

ನಾಲ್ಕು ಬಾಗಿಲಿಗೆ ಬೋರ್ಡ್, ರೆಕ್ಸಿನ್, ತಂತಿ, ಅಂಟು ಎಲ್ಲ ಸೇರಿ 3,000 ದಾಟಲಿಲ್ಲ. ಅದಕ್ಕೂ ಮೊದಲು ಹಾಳು ಮಾಡಿದ್ದು ಆರೇಳು ಸಾವಿರ, ಮನೆಯಲ್ಲಿ ಹೇಳಿದ್ದು ಅದರ ಅರ್ಧ. ಸೀಟ್ ಕೆಲಸದವನು ಬಂದು ನೋಡಿದ, ಉಗುರು ತೂರಿಸಿ ಎಳೆದೂ ನೋಡಿದ. "ಆ ಮೊಳೆ ಹೊಡೆದ ಮರ ಒಂದು ದಿನಕ್ಕೆ ಕೊಡ್ತೀರಾ ಸಾರ್?" ಅಂದ. ಕೊಟ್ಟಿಲ್ಲ ಇನ್ನೂ.

ಹಿಂದಿನ ಎಡ ಬಾಗಿಲಿನ ಕೆಳಮೂಲೆಯ ಒಂದು ಕ್ಲಿಪ್ ಮಾತ್ರ ತಿಂಗಳಿಗೊಮ್ಮೆ ಬಿಡುತ್ತೆ. ಆ ತೂತು ವೆಲ್ಡಿಂಗ್ ಜೋಡಣೆಯ ಮೇಲೇ ಬಿದ್ದಿದೆ, ತಗಡು ಅಲ್ಲಿ ಎರಡು ಪದರ. ಅದಕ್ಕೊಂದು ಉದ್ದ ಕಾಲಿನ ಕ್ಲಿಪ್ ಬಗ್ಗಿಸಬೇಕು. ಓವನ್‌ಗೆ ಅನುಮತಿ ಸಿಗಬೇಕಷ್ಟೆ.