ಯಾರನ್ನು ಉಳಿಸ್ಕೊಳ್ಳೋದು, ಯಾರನ್ನು ಬಿಡೋದು: ನಮ್ಮ ಬೇಸ್‌ಬಾಲ್ ತಂಡದ ಚಳಿಗಾಲದ ಲೆಕ್ಕ

ಸ್ಯಾನ್ ಹೋಸೆಗೆ ಬಂದ ಹೊಸತರಲ್ಲಿ ಭಾವ ನನ್ನನ್ನು ಒಂದು ಫ್ಯಾಂಟಸಿ ಬೇಸ್‌ಬಾಲ್ ಲೀಗಿಗೆ ಸೇರಿಸಿಕೊಂಡರು. ನಿಜವಾದ ಆಟಗಾರರನ್ನು ಕಾಗದದ ಮೇಲೆ ಹರಾಜಿನಲ್ಲಿ ಕೊಂಡು, ಮೈದಾನದಲ್ಲಿ ಅವರು ಗಳಿಸುವ ಅಂಕಿಗಳ ಮೇಲೆ ನಾವು ಸ್ಪರ್ಧಿಸುವ ಆಟ ಇದು. ತಂಡ ಇಬ್ಬರದ್ದೂ. ಪ್ರವೇಶದ ದುಡ್ಡು ಅವರದು, ಎಕ್ಸೆಲ್ ಕೆಲಸ ನನ್ನದು. "ಮಾರ್ಚ್‌ನಲ್ಲಿ ಕೀಪರ್‌ಗಳ ಹೆಸರು ಕೊಡಬೇಕು" ಅಂದಾಗ ನಾನು ವಿಕೆಟ್ ಕೀಪರ್ ಅಂದುಕೊಂಡಿದ್ದೆ! ಕಳೆದ ಸೀಸನ್ನಿನ ತಂಡದಿಂದ ಉಳಿಸಿಕೊಳ್ಳುವ ಆಟಗಾರನಿಗೆ ಹಾಗೆ ಹೇಳುತ್ತಾರೆ. ಐಪಿಎಲ್ ರಿಟೆನ್ಷನ್ ನೋಡಿದವರಿಗೆ ಇದು ಹೊಸದೇನಲ್ಲ.

ನಮ್ಮ ಲೀಗಿನಲ್ಲಿ 12 ತಂಡ. ಪ್ರತಿ ತಂಡಕ್ಕೂ ಲೆಕ್ಕಕ್ಕೆ 260 ಡಾಲರ್, ಅದರಲ್ಲಿ 23 ಆಟಗಾರರನ್ನು ಕೊಳ್ಳಬೇಕು. ಹೆಚ್ಚೆಂದರೆ ಐವರನ್ನು ಉಳಿಸಿಕೊಳ್ಳಬಹುದು. ಹೋದ ವರ್ಷ ಕೊಂಡ ಬೆಲೆಯ ಮೇಲೆ 5 ಡಾಲರ್ ಜಾಸ್ತಿ. ಉಳಿದವರೆಲ್ಲ ಮತ್ತೆ ಹರಾಜಿಗೆ.

2023ರ ಸೀಸನ್ ಮುಗಿದಾಗ ನಮ್ಮ ಕೈಯಲ್ಲಿ ಆರು ಜನ ಲೆಕ್ಕಕ್ಕೆ ಬರುವವರಿದ್ದರು. ಆ 5 ಡಾಲರ್ ಸೇರಿಸಿದ ಮೇಲೆ ಅವರ ಬೆಲೆ ಹೀಗಿತ್ತು: ರೊನಾಲ್ಡ್ ಅಕುನಾ 43 ಡಾಲರ್, ಸ್ಪೆನ್ಸರ್ ಸ್ಟ್ರೈಡರ್ 24, ಬ್ಲೇಕ್ ಸ್ನೆಲ್ 18, ಫೆಲಿಕ್ಸ್ ಬಟಿಸ್ಟಾ 17, ಕಾರ್ಬಿನ್ ಕ್ಯಾರೊಲ್ 16, ಕೋಡಿ ಬೆಲಿಂಜರ್ 8. ಮೊದಲ ವರ್ಷಗಳಲ್ಲಿ ನಾನು ಮಾಡುತ್ತಿದ್ದ ತಪ್ಪು ಏನಂದರೆ, ಒಳ್ಳೆಯ ಆಟಗಾರ ಯಾರು ಅಂತ ನೋಡುತ್ತಿದ್ದೆ. ನೋಡಬೇಕಾದದ್ದು ಈ ಬೆಲೆಗೆ ಒಳ್ಳೆಯವನು ಯಾರು ಅಂತ.

ಬೆಲೆ ಕಟ್ಟೋದು ಹೇಗೆ? ಕಳೆದ ಮೂರು ವರ್ಷಗಳ ಅಂಕಿಗೆ 5, 4, 3 ಅಂತ ತೂಕ ಕೊಡುತ್ತೇನೆ. ಹೊಸ ವರ್ಷಕ್ಕೆ ಜಾಸ್ತಿ, ಹಳೆಯದಕ್ಕೆ ಕಡಿಮೆ. ಬಂದದ್ದನ್ನು ಮೇಜರ್ ಲೀಗಿನ (ನಿಜವಾದ ಆಟಗಾರರು ಆಡುವ ಲೀಗು) ಸರಾಸರಿಯ ಕಡೆ ಸ್ವಲ್ಪ ಎಳೆದು, ವಯಸ್ಸಿಗೆ ತಕ್ಕಂತೆ ತಿದ್ದುತ್ತೇನೆ. ಬೇಸ್‌ಬಾಲ್ ಅಂಕಿಅಂಶ ತಜ್ಞ ಟಾಮ್ ಟ್ಯಾಂಗೋ ಅವರ 'ಮಾರ್ಸೆಲ್' ಅನ್ನುವ ಸರಳ ಲೆಕ್ಕ ಇದು. ಬೆಲಿಂಜರ್‌ಗೆ ಹಾಕಿ ನೋಡಿದೆ. ಅವನ ಬ್ಯಾಟಿಂಗ್ ಸರಾಸರಿ (1ಕ್ಕೆ ಎಷ್ಟು ಪಾಲು ಸಲ ಹಿಟ್ ಹೊಡೆದ ಅಂತ) 2021ರಲ್ಲಿ .165, 2022ರಲ್ಲಿ .210, 2023ರಲ್ಲಿ .307. ತೂಕ ಹಾಕಿದ ಮೇಲೆ .250ಕ್ಕಿಂತ ಕೆಳಗೆ ಬಂತು. ಆದರೆ 2021ರ ಹಿಂದೆ ಭುಜದ ಶಸ್ತ್ರಚಿಕಿತ್ಸೆಯ ಕಥೆ ಇತ್ತು, ಹಾಗಾಗಿ ಸ್ವಲ್ಪ ಮೇಲಕ್ಕೆ ತಿದ್ದಿದೆ. ಅಷ್ಟಾದರೂ .307 ಅಲ್ಲ. 8 ಡಾಲರ್‌ಗೆ ಅದು ಸಾಕು.

ನನ್ನ ಕಣ್ಣು ತೆರೆಸಿದ್ದು ಇನ್ನೊಂದು ಲೆಕ್ಕ. ಇಡೀ ಲೀಗಿನ ಹಣ 12 ಗುಣಿಸು 260, ಅಂದರೆ 3,120 ಡಾಲರ್. ಎಲ್ಲ ತಂಡಗಳೂ ಉಳಿಸಿಕೊಳ್ಳುವವರಿಗೆ ಒಟ್ಟು 700 ಡಾಲರ್ ಕೊಡುತ್ತಾರೆ ಅಂದುಕೊಳ್ಳಿ. ಅವರ ನಿಜವಾದ ಬೆಲೆ 1,100. ಆಗ ಹರಾಜಿನಲ್ಲಿ 2,420 ಡಾಲರ್ ಹಣ ಇರುತ್ತೆ, ಆದರೆ ಸರಕು 2,020 ಡಾಲರಿನದ್ದು ಮಾತ್ರ. ಸಂತೆಗೆ ದುಡ್ಡು ಜಾಸ್ತಿ ಬಂದು ತರಕಾರಿ ಕಮ್ಮಿ ಬಂದ ಹಾಗೆ. 20 ಡಾಲರ್ ಆಟಗಾರ 24ಕ್ಕೆ ಹೋಗುತ್ತಾನೆ. ನನ್ನ ಪಟ್ಟಿಯಲ್ಲಿ ಅಕುನಾ ಬೆಲೆ 46 ಇತ್ತು. 43 ಕೊಟ್ಟು ಉಳಿಸಿದರೆ ಬರೀ 3 ಡಾಲರ್ ಲಾಭ ಅನ್ನಿಸುತ್ತೆ. ಹರಾಜಿಗೆ ಬಿಟ್ಟರೆ ಅವನು 55 ಮುಟ್ಟುತ್ತಿದ್ದ. ಅಂದರೆ ಲಾಭ 12.

ಅಕುನಾ ವಿಷಯದಲ್ಲಿ ಇನ್ನೊಂದು ಅನುಮಾನ ಇತ್ತು. 2023ರಲ್ಲಿ 41 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ) ಹೊಡೆದು, 73 ಬೇಸ್ ಕದ್ದಿದ್ದ. ಕದಿಯೋದು ಅಂದರೆ ಪಿಚರ್ (ಚೆಂಡು ಎಸೆಯುವವನು) ಬ್ಯಾಟರ್‌ಗೆ ಎಸೆಯುವಾಗ ಮುಂದಿನ ಬೇಸಿಗೆ ಓಡಿ ಸೇರುವುದು. ಆದರೆ ಆ ವರ್ಷ ಬೇಸ್‌ಗಳ ಅಗಲವನ್ನು 15 ಇಂಚಿಂದ 18 ಇಂಚಿಗೆ ಏರಿಸಿದ್ದರು, ಪಿಚರ್ ಓಟಗಾರನ ಕಡೆ ಸುಮ್ನೆ ಎಸೆಯುವುದಕ್ಕೂ ಮಿತಿ ಹಾಕಿದ್ದರು. ಎಲ್ಲರೂ ಕದಿಯೋಕೆ ಶುರು ಮಾಡಿದರು. ಇಡೀ ಮೇಜರ್ ಲೀಗಿನಲ್ಲಿ 2022ರಲ್ಲಿ 2,486 ಇದ್ದ ಒಟ್ಟು ಸಂಖ್ಯೆ 3,503 ಆಯಿತು. ಎಲ್ಲರ ಹತ್ತಿರವೂ ಇದ್ದರೆ ಒಂದೊಂದು ಕಳ್ಳತನದ ಬೆಲೆ ಇಳಿಯುತ್ತೆ, ಅಲ್ವಾ? ಅದನ್ನೂ ಕಳೆದೇ 46 ಅಂತ ಹಾಕಿದ್ದು. ಆದ್ದರಿಂದ ಉಳಿಸಿದೆವು.

ಕ್ಯಾರೊಲ್ ಬಗ್ಗೆ ಮಾತೇ ಬೇಕಿರಲಿಲ್ಲ. ಪಿಚರ್ ಸ್ಟ್ರೈಡರ್ 281 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್) ಮಾಡಿದ್ದ, ಅವನೂ ಸರಿ. ಇನ್ನೊಬ್ಬ ಪಿಚರ್ ಬಟಿಸ್ಟಾ ಅಕ್ಟೋಬರಿನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ. 2024 ಪೂರ್ತಿ ಆಡುವ ಹಾಗಿರಲಿಲ್ಲ, ಬೆಲೆ ಮಾತ್ರ ಏರುತ್ತಾ ಹೋಗುತ್ತಿತ್ತು. ಬಿಟ್ಟೆವು.

ಜಗಳ ಆದದ್ದು ಸ್ನೆಲ್ ಮೇಲೆ.

"ಸೈ ಯಂಗ್ ಪ್ರಶಸ್ತಿ ಗೆದ್ದವನನ್ನು ಬಿಡ್ತೀಯಲ್ಲ ಮಾರಾಯ, ತಲೆ ಸರಿ ಇದೆಯಾ?" ಅಂದರು ಭಾವ. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಪ್ರಶಸ್ತಿ ಅದು. ಇಆರ್‌ಎ (ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಕೊಟ್ಟ ರನ್; ಕಡಿಮೆ ಇದ್ದಷ್ಟೂ ಒಳ್ಳೆಯದು) 2.25 ಅಂತ ತೋರಿಸಿದರು.

"ಭಾವ, ವಾಕ್ ನೋಡಿ. 180 ಇನ್ನಿಂಗ್ಸ್‌ನಲ್ಲಿ 99."

ವಾಕ್ ಅಂದರೆ ಪಿಚರ್‌ನ ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್. ಬೇಸ್ ಮೇಲೆ ಅಷ್ಟು ಜನರನ್ನು ಹತ್ತಿಸಿಕೊಂಡೂ ಹೆಚ್ಚು ರನ್ ಬರಲಿಲ್ಲ. ಸಾಮಾನ್ಯ ಪಿಚರ್ ಬೇಸ್ ಹತ್ತಿದವರಲ್ಲಿ ಶೇಕಡಾ 72ರಷ್ಟು ಜನರನ್ನು ಅಲ್ಲೇ ನಿಲ್ಲಿಸುತ್ತಾನೆ. ಸ್ನೆಲ್ ಶೇಕಡಾ 87ರ ಹತ್ತಿರ ಇದ್ದ. ಇದು ಪ್ರತಿ ವರ್ಷ ನಡೆಯುವ ಮಾತಲ್ಲ. ಮೇಲಾಗಿ ಮಾರ್ಚ್ ಮೊದಲ ಶನಿವಾರ ನಾವು ಪಟ್ಟಿ ಕೊಡುವಾಗ ಅವನಿಗೆ ತಂಡವೇ ಇರಲಿಲ್ಲ. ಅಭ್ಯಾಸ ತಪ್ಪಿದ ಪಿಚರ್ ಏಪ್ರಿಲ್‌ನಲ್ಲಿ ಏನು ಮಾಡುತ್ತಾನೆ? ನನ್ನ ಪಟ್ಟಿಯಲ್ಲಿ ಅವನ ಬೆಲೆ 14. ಹರಾಜಿನ ಏರಿಕೆ ಸೇರಿಸಿದರೂ 17. ಕೊಡಬೇಕಾದದ್ದು 18. ಒಂದು ಡಾಲರ್ ವ್ಯತ್ಯಾಸಕ್ಕೆ ಎರಡು ದಿನ ಮಾತು ಬಿಟ್ಟಿದ್ದೆವು. ಕೊನೆಗೆ ಅಕ್ಕ ಬೈದ ಮೇಲೆ ಭಾವ ಒಪ್ಪಿದರು.

ಬಿಡುವುದು ಅಂದರೆ ಕಳೆದುಕೊಳ್ಳುವುದು ಅಂತಲೂ ಅಲ್ಲ. ನಿಜವಾದ ತಂಡಗಳೂ ಹೀಗೇ ಮಾಡುತ್ತವೆ. ಅದೇ ಚಳಿಗಾಲ ಮಿಲ್ವಾಕಿ ಬ್ರೂವರ್ಸ್ ತಮ್ಮ ಮುಖ್ಯ ಪಿಚರ್ ಬ್ರಾಂಡನ್ ವುಡ್ರಫ್‌ನನ್ನು ನವೆಂಬರಿನಲ್ಲಿ ಕೈಬಿಟ್ಟರು. ಭುಜದ ಶಸ್ತ್ರಚಿಕಿತ್ಸೆ ಆಗಿ 2024ರಲ್ಲಿ ಆಡುವುದು ಕಷ್ಟವಿತ್ತು, ಸುಮ್ನೆ ದೊಡ್ಡ ಸಂಬಳ ಕೊಡಬೇಕಿತ್ತು. ಫೆಬ್ರವರಿಯಲ್ಲಿ ಎರಡು ವರ್ಷಕ್ಕೆ 1.75 ಕೋಟಿ ಡಾಲರಿಗೆ ಅವನನ್ನೇ ಮತ್ತೆ ಕರೆದುಕೊಂಡರು.

ನಮ್ಮ 2024 ಹೇಗಿತ್ತು ಅಂತ ಕೇಳಬೇಡಿ. ಸ್ಟ್ರೈಡರ್ ಎರಡು ಪಂದ್ಯ ಆಡಿ ಮೊಣಕೈ ಕೆಡಿಸಿಕೊಂಡ. ಮೇ ತಿಂಗಳಲ್ಲಿ ಅಕುನಾ ಮೊಣಕಾಲು ಹೋಯಿತು. ಕ್ಯಾರೊಲ್ 35 ಬೇಸ್ ಕದ್ದರೂ ಸರಾಸರಿ .231. ಬೆಲಿಂಜರ್ ಮಾತ್ರ .266, ಹೆಚ್ಚುಕಮ್ಮಿ ನಾನು ಹೇಳಿದಷ್ಟು. ಸ್ನೆಲ್ ಮಾರ್ಚ್ ಮಧ್ಯದ ನಂತರ ನಮ್ಮೂರ ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಸೇರಿ, ಜುಲೈ ಮುಗಿದರೂ ಒಂದು ಪಂದ್ಯ ಗೆದ್ದಿರಲಿಲ್ಲ. ನಾನು ಒಳಗೊಳಗೇ ಬೀಗುತ್ತಿದ್ದೆ. ಅದೇ ಸ್ನೆಲ್ ಆಗಸ್ಟ್ 2ರಂದು ಸಿನ್ಸಿನಾಟಿಯಲ್ಲಿ ಒಂದೂ ಹಿಟ್ ಕೊಡದೆ ಇಡೀ ಪಂದ್ಯ ಎಸೆದ. ಒಂಬತ್ತನೇ ಇನ್ನಿಂಗ್ಸ್ ಮುಗಿಯುವ ಮೊದಲೇ ಭಾವನ ಫೋನ್ ಬಂತು. ನಾನು ಎತ್ತಲಿಲ್ಲ.

ಮುಂದಿನ ಚಳಿಗಾಲ ಅಕುನಾ ಬೆಲೆ 48 ಆಗಿತ್ತು. ಮೊಣಕಾಲು ಇನ್ನೂ ಪೂರ್ತಿ ಗುಣವಾಗಿರಲಿಲ್ಲ. ಈ ಸಲ ಭಾವ ಜಗಳವಾಡದೆ "ಬಿಡು" ಅಂದರು. ಹರಾಜಿನ ದಿನ ನಾನು ಚಹಾ ತರಲು ಎದ್ದು ಹೋದೆ. ವಾಪಸ್ ಬರುವಷ್ಟರಲ್ಲಿ ನಮ್ಮ ಪಟ್ಟಿಯಲ್ಲಿ ಅಕುನಾ ಹೆಸರು ಇತ್ತು, 27 ಡಾಲರ್. ಭಾವ ನನ್ನ ಕಡೆ ನೋಡದೆ ಬಿಸ್ಕತ್ತು ತಿನ್ನುತ್ತಿದ್ದರು.