ಬ್ರಾಂಡುವ್ ಹಲಗೆ ಮಾಡಿಕೊಂಡು ಆಡಿದ ನನ್ನ ಅನುಭವ

ಐರ್ಲೆಂಡಿನ ಹಳೆಯ ಕಥೆಗಳಲ್ಲಿ ರಾಜರೂ ದೇವತೆಗಳೂ ಆಡುವ ಹಲಗೆಯಾಟ ಫಿದ್‌ಖೆಲ್. ಮಿದಿರ್ ಎಂಬ ದೇವತೆ ಯೋಖಿ ರಾಜನನ್ನು ಸೋಲಿಸಿ, ಅವನ ಹೆಂಡತಿ ಎಟೇನಳನ್ನು ಅಪ್ಪಿಕೊಳ್ಳುವ ಹಕ್ಕು ಪಡೆಯುವುದು ಈ ಆಟದಲ್ಲೇ. ಫಿದ್ ಅಂದರೆ ಮರ, ಕಿಯಲ್ ಅಂದರೆ ಬುದ್ಧಿ. ವೇಲ್ಸ್‌ನವರ ಗ್ವಿದ್‌ಬುಯ್ಲ್ ಹೆಸರಿಗೂ ಇದೇ ಅರ್ಥ. ಇವತ್ತು ಎರಡೂ ಭಾಷೆಗಳಲ್ಲಿ ಆ ಹೆಸರು ಚೆಸ್‌ಗೆ ಸೇರಿಹೋಗಿದೆ. ಹಳೆಯ ಆಟದ ನಿಯಮ ಮಾತ್ರ ಉಳಿದಿಲ್ಲ.

ಹಾಗಾಗಿ ನಾನು ಅದರ ಜೊತೆಯ ಇನ್ನೊಂದು ಆಟ ಹಿಡಿದೆ: ಬ್ರಾಂಡುವ್, ಅಂದರೆ ಕಪ್ಪು ಕಾಡುಕಾಗೆ. ಐರ್ಲೆಂಡಿನ ವೆಸ್ಟ್‌ಮೀತ್ ಜಿಲ್ಲೆಯ ಬ್ಯಾಲಿಂಡೆರಿಯಲ್ಲಿ 1932ರಲ್ಲಿ ಸಿಕ್ಕ 10ನೇ ಶತಮಾನದ ಮರದ ಆಟದ ಹಲಗೆ ಡಬ್ಲಿನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಏಳು ಸಾಲು, ಸಾಲಿಗೆ ಏಳು ತೂತು. ನಡುವಿನ ತೂತಿಗೂ ನಾಲ್ಕು ಮೂಲೆಗಳಿಗೂ ಗುರುತು ಕೊರೆದಿದ್ದಾರೆ. ಅದನ್ನೇ ಮಾದರಿ ಮಾಡಿಕೊಂಡೆ. ಓಕ್ ಹಲಗೆ, ಮೂರು ಸೆಂಟಿಮೀಟರ್‌ಗೊಂದು ತೂತು, ದುಂಡು ಕಡ್ಡಿ ಕತ್ತರಿಸಿ ಗೂಟಗಳು. ತೂತು ಗೂಟಕ್ಕಿಂತ ಒಂಚೂರು ದೊಡ್ಡದಿರಲಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಸಿಕ್ಕಿಕೊಳ್ಳುತ್ತವೆ.

ಕಾಯಿ ಎಷ್ಟು? ಹಳೆಯ ಐರಿಷ್ ಕವಿತೆಯೊಂದು ಐರ್ಲೆಂಡಿನ ರಾಜರ ಪೀಠವಾಗಿದ್ದ ತಾರಾ ಬೆಟ್ಟವನ್ನು ನಡುವಿನ ರಾಜನ ಮನೆಗೆ ಹೋಲಿಸಿ, ಸುತ್ತ ನಾಲ್ವರನ್ನು ನಿಲ್ಲಿಸುತ್ತದೆ. ಇದೇ ಬಗೆಯ ವೇಲ್ಸ್‌ನ ಆಟ ತಾಲ್‌ಬುರ್ದ್ ಅನ್ನು 1587ರಲ್ಲಿ ಬರೆದಿಟ್ಟ ರಾಬರ್ಟ್ ಅಪ್ ಇವಾನ್, ರಾಜನಲ್ಲದೆ ಅವನ ಕಡೆ 12, ಎದುರಾಳಿ ಕಡೆ 24 ಎನ್ನುತ್ತಾನೆ. ಅಂದರೆ ರಾಜನ ಕಾವಲು ಕಾಯಿಗಳ ಎರಡರಷ್ಟು ದಾಳಿ ಮಾಡುವ ಕಾಯಿಗಳು. ಹಾಗಾದರೆ ಇಲ್ಲಿ ನಾಲ್ಕಕ್ಕೆ ಎಂಟು. ರಾಜನೂ ಸೇರಿ 13. ನಡುವಿನ ಅಡ್ಡ ಸಾಲು, ಉದ್ದ ಸಾಲು ಎರಡನ್ನೂ ತುಂಬಲು ಬೇಕಾದದ್ದು ಸರಿಯಾಗಿ 13! ಇದನ್ನು ನೋಡಿದಾಗ ನನಗಾದ ಖುಷಿ ಹೇಳತೀರದು.

ನಮ್ಮ ಆಡು-ಹುಲಿ ಆಟದ ಹಾಗೆ ಎರಡು ಕಡೆಯ ಗುರಿಯೂ ಬೇರೆ. ಎಲ್ಲ ಕಾಯಿಗಳೂ ಚೆಸ್‌ನ ಆನೆಯಂತೆ ನೇರ ಹೋಗುತ್ತವೆ. ಎದುರಾಳಿಯ ಕಾಯಿಯನ್ನು ಎರಡು ಬದಿಯಿಂದ ಅಮುಕಿದರೆ ಅದು ಹೋಯಿತು. ರಾಜ ಮೂಲೆ ಮುಟ್ಟಿದರೆ ಗೆದ್ದ. ಅವನನ್ನು ಹಿಡಿಯಲು ನಾಲ್ಕೂ ಕಡೆ ಸುತ್ತಬೇಕು ಅಂತ ಇಟ್ಟುಕೊಂಡರೆ ರಾಜನದೇ ಮೇಲುಗೈ ಜಾಸ್ತಿ. ಅದಕ್ಕೆ ನಾವು, ಅವನು ನಡುಮನೆಯಲ್ಲಿದ್ದರೆ ಮಾತ್ರ ನಾಲ್ಕು, ಹೊರಗೆ ಬಂದರೆ ಎರಡೇ ಸಾಕು ಅಂತ ಮಾಡಿಕೊಂಡೆವು. ಆಟ ಬಿಗಿಯಾಯಿತು. ದಾಳಿ ಮಾಡುವವರು ಸುಮ್ನೆ ಕಾಯಿ ಹೊಡೆಯಲು ಓಡಬೇಡಿ. ಮೊದಲು ಮೂಲೆಗಳಿಗೆ ಹೋಗುವ ದಾರಿ ಮುಚ್ಚಿ.