ಪರ್ಸಿ ಕಲ್ಲಿನ ಮೇಲೆ ಹಾಳೆ ಇಟ್ಟು

"ಎಲ್ಲಾ ಚೆನ್ನಾಗಿದೆ ಮೇಡಂ, ಆದ್ರೆ ಆಕಾಶ ಎಲ್ಲಿ?" ಬೆಂಗಳೂರಿನಿಂದ ಸಂಪಾದಕರು ಫೋನ್ ಮಾಡಿ ಕೇಳಿದಾಗಲೇ ನನಗೂ ಗೊತ್ತಾಗಿದ್ದು. ಮಕ್ಕಳ ಕಥೆಗೆ ಹನ್ನೆರಡು ಚಿತ್ರ ಬರೆದು ಕಳಿಸಿದ್ದೆ. ಒಂದರಲ್ಲೂ ಆಕಾಶ ಇರಲಿಲ್ಲ.

ಇದಕ್ಕೆ ಕಾರಣ ನಮ್ಮ ಮಾಳಿಗೆ. ಕಲಬುರಗಿಯಲ್ಲಿ ಬೇಸಿಗೆ ಬಂತೆಂದರೆ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಮಲಗುತ್ತಿದ್ದೆವು. ಬೆಳಗ್ಗೆ ಬೇಗ ಎದ್ದು, ಗೋಡೆ ಮೇಲೆ ಗದ್ದ ಊರಿ ಕೆಳಗಿನ ಓಣಿ ನೋಡುವುದು ನನ್ನ ಚಟ. ಹಾಲಿನವನ ಸೈಕಲ್ ಮೇಲಿನಿಂದ ಬರೀ ಒಂದು ಗೆರೆ, ಎರಡು ಕ್ಯಾನು. ಕೊಡ ಹೊತ್ತು ಹೋಗುವವಳಿಗೆ ಮುಖವೇ ಇಲ್ಲ, ಕೊಡದ ಬಾಯಿ ಮಾತ್ರ. ಈಗಲೂ ಹಾಳೆ ಮುಂದಿಟ್ಟುಕೊಂಡರೆ ಕೈ ಅಲ್ಲಿಂದಲೇ ನೋಡುತ್ತದೆ. ಸಂಪಾದಕರಿಗೋಸ್ಕರ ಕೊನೆಯ ಪುಟದಲ್ಲಿ ಎರಡು ಬೆರಳಷ್ಟು ಆಕಾಶ ಕೊಟ್ಟೆ. ಉಳಿದ ಹನ್ನೊಂದನ್ನು ಹಾಗೇ ಬಿಡಿ ಎಂದು ಕೇಳಿಕೊಂಡೆ, ಒಪ್ಪಿದರು.

ಬಣ್ಣದ ವಿಷಯದಲ್ಲಿ ಜಗಳ ನನ್ನ ಜೊತೆಗೇ ಇತ್ತು. ನಮ್ಮೂರಲ್ಲಿ ಚಿತ್ರ ಬರೀತೀನಿ ಅಂದರೆ ಹಿರಿಯರು ಎಸ್.ಎಂ. ಪಂಡಿತರ ಹೆಸರು ತೆಗೆಯುತ್ತಾರೆ. 1916ರಲ್ಲಿ ಇಲ್ಲೇ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಪೋಸ್ಟರು, ದೇವರ ಕ್ಯಾಲೆಂಡರುಗಳಿಂದ ಹೆಸರಾದವರು. ನಾನೂ ಮೊದಮೊದಲು ಆ ಥರದ ಹೊಳಪಿಗೇ ಕೈ ಹಾಕಿದೆ. ಬಿಸಿಲು ಅಂದರೆ ಕೇಸರಿ, ಹಳದಿ. ಆದರೆ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಯಲ್ಲಿ ಓಣಿಗೆ ಇಳಿದು ನೋಡಿ, ಕೇಸರಿ ಎಲ್ಲೂ ಕಾಣಲ್ಲ. ಎಲ್ಲ ಬಣ್ಣವೂ ಒಗೆದು ಒಗೆದು ಬೆಳ್ಳಗಾದ ಬಟ್ಟೆ ಹಾಗಿರುತ್ತದೆ. ಬೇವಿನ ಮರದ ನೆರಳೊಂದೇ ನೀಲಿ. ಈಗ ನಾನು ಎಲ್ಲದಕ್ಕೂ ಬಿಳಿ ಬೆರೆಸಿ, ಗಾಢ ಬಣ್ಣವನ್ನು ನೆರಳಿಗೆ ಅಂತಲೇ ಎತ್ತಿಡುತ್ತೇನೆ. ನಮ್ಮ ಕಡೆಯ ಕಪ್ಪು ಎರಿ ಮಣ್ಣಿಗೂ ಟ್ಯೂಬಿನ ಕಪ್ಪು ಹಾಕಲ್ಲ, ಸತ್ತ ಹಾಗೆ ಕಾಣುತ್ತದೆ. ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದಿಗೆ ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಮಣ್ಣಿಗೆ ಜೀವ ಬರುತ್ತದೆ.

ನನಗೆ ನಿಜವಾಗಿ ಹುಚ್ಚು ಹಿಡಿಸಿದ್ದು ಪರ್ಸಿ. ಪರ್ಸಿ ಅಂದರೆ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು, ನಮ್ಮ ಮನೆಯ ನೆಲವೆಲ್ಲ ಅದೇ. ಸುಣ್ಣಕಲ್ಲಿನ ಜಾತಿಯದು, ಪದರ ಪದರವಾಗಿ ಏಳುತ್ತದೆ. ಪಾಲಿಶ್ ಮಾಡದ ಕಲ್ಲಿನ ಮೈಮೇಲೆ ಸಣ್ಣ ಅಲೆ, ಚುಕ್ಕಿ, ಉಳಿ ಏಟು ಇರುತ್ತವೆ. ಅದರ ಮೇಲೆ ತೆಳು ಹಾಳೆ ಹಾಸಿ, ಮೆತ್ತನೆಯ 6ಬಿ ಪೆನ್ಸಿಲನ್ನು ಅಡ್ಡ ಮಲಗಿಸಿ ಹಗುರವಾಗಿ ಉಜ್ಜುತ್ತೇನೆ. ಕಲ್ಲು ತಾನೇ ಹಾಳೆಗೆ ಏಳುತ್ತದೆ. ಮೊದಲ ಸಲ ಅವ್ವ ಬಾಗಿಲಲ್ಲಿ ನಿಂತು, "ಏನ್ ಮಾಡ್ಲತ್ತಿ ಅಲ್ಲಿ ಕುಂತು? ನೆಲ ಒರಸ್ಲತ್ತಿಯೇನು?" ಎಂದಳು. ಒರೆಸಿದ್ದು ಅವಳೇ. ಕಲ್ಲಿನ್ನೂ ಹಸಿ ಇತ್ತು, ಹಾಳೆ ಕಿತ್ತು ಕೈಗೆ ಬಂತು.

ಕಲ್ಲು ಒಣಗಿದ ಮೇಲೆ ತೆಗೆದ ಹಾಳೆಯನ್ನು 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕಿಯಂತೆ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಬಣ್ಣದ ಮೇಲೆ ಮಲ್ಟಿಪ್ಲೈ ಲೇಯರ್ ಆಗಿ ಹಾಕುತ್ತೇನೆ; ಹಾಳೆಯ ಬಿಳಿ ಮಾಯವಾಗಿ ಪೆನ್ಸಿಲಿನ ಗುರುತು ಮಾತ್ರ ಬಣ್ಣದ ಮೇಲೆ ಕೂರುತ್ತದೆ. ಶುರುವಿನಲ್ಲಿ ಖುಷಿಗೆ ಇಡೀ ಚಿತ್ರದ ಮೇಲೆ ಹಾಕಿಬಿಟ್ಟಿದ್ದೆ. ಹುಡುಗಿಯ ಮುಖಕ್ಕೆ ಸಿಡುಬು ಎದ್ದ ಹಾಗಾಯಿತು! ಈಗ ನೆಲ, ಗೋಡೆ, ಕಟ್ಟೆಗೆ ಮಾತ್ರ ಪರ್ಸಿ. ಮುಖ, ಕೈಕಾಲು ಸಪಾಟು.

ಇಷ್ಟಾದರೂ ಮುದ್ರಣದಲ್ಲಿ ಏಟು ತಿಂದೆ. ಪುಸ್ತಕ ಹೊಳಪಿಲ್ಲದ ಕಾಗದದಲ್ಲಿ ಬಂತು. ಅಂಥ ಕಾಗದ ಶಾಯಿ ಕುಡಿಯುತ್ತದೆ, ಚುಕ್ಕಿಗಳು ಹರಡುತ್ತವೆ. ಎರಿ ಹೊಲದ ಗೆರೆಗಳೆಲ್ಲ ಮುಚ್ಚಿಹೋಗಿ ಒಂದು ಕಲೆಯಾಗಿ ಕೂತವು. ಅವತ್ತಿನಿಂದ ಕಡು ಜಾಗಗಳಲ್ಲಿ ಕಲ್ಲಿನ ಟೆಕ್ಸ್ಚರನ್ನು ಬೇಕಾದ್ದಕ್ಕಿಂತ ಜಾಸ್ತಿ ತಿಳಿ ಮಾಡಿ ಕಳಿಸುತ್ತೇನೆ. ಪ್ರೂಫ್ ಅನ್ನು, ಅಂದರೆ ಮೊದಲ ಮಾದರಿ ಮುದ್ರಣವನ್ನು, ಅದೇ ಕಾಗದದಲ್ಲಿ ತೆಗೆದು ಕೊಡಿ ಅಂತ ಹಟ ಹಿಡಿಯುತ್ತೇನೆ.

ಈಗ ಅಪ್ಪ ಟೈಲ್ಸ್ ಹಾಕಿಸುವ ಮಾತು ತೆಗೆದಿದ್ದಾರೆ. ದಿನಾ ಎರಡೆರಡು ಹಾಳೆ ಉಜ್ಜಿ ಎತ್ತಿಡುತ್ತಿದ್ದೇನೆ. ಪಡಸಾಲೆ ಮುಗೀತು, ಅಡುಗೆಮನೆ ಇನ್ನೂ ಬಾಕಿ.